ಕೆರೆ ಏರಿ ಜಿನುಗುತ್ತಿದೆಯೇ? ಮೊದಲು ನೀರಿನ ಬಣ್ಣ ನೋಡಿ

ಮಣ್ಣಿನ ಏರಿ ಅಂದ ಮೇಲೆ ಸ್ವಲ್ಪ ಜಿನುಗಿಯೇ ಜಿನುಗುತ್ತದೆ. ಶತಮಾನಗಳಿಂದ ನಿಂತಿರುವ ಕೆರೆಗಳೂ ಜಿನುಗುತ್ತವೆ, ಮೊನ್ನೆ ಕಟ್ಟಿದ ಜಲಾಶಯಗಳ ಮಣ್ಣಿನ ದಂಡೆಗಳೂ ಜಿನುಗುತ್ತವೆ. ಆದ್ದರಿಂದ ಏರಿಯ ಬುಡದಲ್ಲಿ ನೀರು ಕಂಡ ಕೂಡಲೇ ಊರಿಗೆ ಊರೇ ಗಾಬರಿ ಬೀಳಬೇಕಿಲ್ಲ. ಹಾಗಂತ 'ಇದು ನಮ್ಮಜ್ಜನ ಕಾಲದಿಂದಲೂ ಹೀಗೇ ಇದೆ' ಅಂತ ಸುಮ್ಮನಾಗುವುದೂ ತಪ್ಪು. ಎಷ್ಟು ನೀರು ಬರುತ್ತಿದೆ ಅನ್ನುವುದು ಎರಡನೆಯ ಮಾತು. ನೀರು ತಿಳಿಯಾಗಿದೆಯೇ, ಮಣ್ಣು ಬೆರೆತು ಕೆಂಪಾಗಿದೆಯೇ? ಹೋದ ವಾರಕ್ಕೂ ಈ ವಾರಕ್ಕೂ ಬದಲಾಗಿದೆಯೇ? ಮೊದಲು ಕೇಳಬೇಕಾದದ್ದು ಇವೆರಡನ್ನು.

ಕೆರೆ ಬಳಕೆದಾರರ ಸಂಘದವರು, ಪಂಚಾಯಿತಿ ಸದಸ್ಯರು, ಕೆರೆ ನೀರು ಬಿಡುವ ನೀರುಗಂಟಿಗಳು, ಅಚ್ಚುಕಟ್ಟಿನ (ಕೆರೆ ನೀರು ಹಾಯುವ ಜಮೀನಿನ) ರೈತರು ತಾವೇ ನೋಡಿ ತಿಳಿಯುವಂಥ ಲಕ್ಷಣಗಳನ್ನು ಇಲ್ಲಿ ಬರೆದಿದ್ದೇನೆ. ಬೇಕಾಗುವ ಸಾಮಾನು ಜಾಸ್ತಿ ಏನಿಲ್ಲ. ಒಂದು ಬಕೆಟ್, ಒಂದು ಗಾಜಿನ ಬಾಟಲಿ, ಅಳತೆ ಟೇಪು, ನಾಲ್ಕಾರು ಗೂಟ, ಒಂದು ನೋಟ್‌ಬುಕ್, ಫೋನು.

ಏರಿ ನೋಡಲು ಒಬ್ಬರೇ ಹೋಗಬೇಡಿ. ಪೊದೆ ಇದ್ದಲ್ಲಿ ಹಾವಿರುತ್ತವೆ, ಕೋಲು ಹಿಡಿದು ಬೂಟು ಹಾಕಿಕೊಂಡು ನಡೆಯಿರಿ. ತೂಬು (ಕೆರೆಯಿಂದ ಕಾಲುವೆಗೆ ನೀರು ಬಿಡುವ ಬಾಗಿಲು) ತೆಗೆದಿರುವಾಗ ಅದರ ಹತ್ತಿರ ನೀರಿಗೆ ಇಳಿಯಲೇಬೇಡಿ. ಮೇಲೆ ನೀರು ನಿಂತಂತೆ ಕಂಡರೂ ಕೆಳಗೆ ಸೆಳೆತ ಇರುತ್ತದೆ, ಎಂಥ ಈಜುಗಾರನನ್ನೂ ಎಳೆದುಕೊಳ್ಳುತ್ತದೆ. ಕೆರೆ ತುಂಬಿರುವಾಗ ಏರಿಯಲ್ಲಿ ಒಂದಡಿಯೂ ಅಗೆಯಬಾರದು. 'ಏನಾಗಿದೆ ಅಂತ ನೋಡೋಣ' ಎಂದು ಜೆಸಿಬಿ ತರಿಸುವವರನ್ನು ಮೊದಲು ತಡೆಯಿರಿ.

ಏರಿಯ ಬುಡದಲ್ಲಿ ನೆಲ ಒದ್ದೆಯಾಗಿದೆ

ಸುತ್ತಲ ಹುಲ್ಲು ಒಣಗಿದ್ದರೂ ಒಂದೇ ಕಡೆ ಹಸಿರಾಗಿರುತ್ತದೆ. ಅಥವಾ ಜೊಂಡು ಎದ್ದಿರುತ್ತದೆ. ಬೇಸಿಗೆಯಲ್ಲಿ ಇದು ದೂರದಿಂದಲೇ ಕಾಣುತ್ತದೆ.

ಈ ನೀರು ಕೆರೆಯದ್ದೇ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ. ಏರಿಯ ಪಕ್ಕದಲ್ಲೇ ಕುಡಿಯುವ ನೀರಿನ ಪೈಪು ಹಾದುಹೋಗಿರುವ ಊರುಗಳು ಬಹಳ. ನೀರು ಬಿಡುವವರಿಗೆ ಹೇಳಿ ಆ ವಾಲ್ವನ್ನು ಅರ್ಧ ದಿನ ಬಂದ್ ಮಾಡಿಸಿ. ಒದ್ದೆ ಕಡಿಮೆಯಾದರೆ ಅದು ಪೈಪಿನ ಕೆಲಸ. ಪಕ್ಕದ ಗದ್ದೆಗೆ ನೀರು ಕಟ್ಟಿದ್ದಾರೆಯೇ ಅನ್ನುವುದನ್ನೂ ನೋಡಿ.

ಕೆರೆಯದ್ದೇ ಅಂತಾದರೆ ಏರಿಯ ಬುಡದಗುಂಟ ಇರುವ ಚರಂಡಿಯನ್ನು ಹುಡುಕಿ. ಜಿನುಗಿದ ನೀರು ಹರಿದುಹೋಗಲೆಂದೇ ಅದನ್ನು ಮಾಡಿರುತ್ತಾರೆ. ಬಹುಪಾಲು ಕಡೆ ಅದು ಹೂತುಹೋಗಿರುತ್ತದೆ, ಇಲ್ಲವೇ ಒತ್ತುವರಿಯಾಗಿರುತ್ತದೆ. ಅದರೊಳಗಿನ ಹೂಳನ್ನಷ್ಟೇ ತೆಗೆದು ನೀರು ಹರಿಯುವಂತೆ ಮಾಡಿದರೆ ಎಷ್ಟೋ ಕಡೆ ನೆಲ ತಾನಾಗಿ ಒಣಗುತ್ತದೆ. ಚರಂಡಿಯ ಮೂಲ ಆಳಕ್ಕಿಂತ ಕೆಳಗೆ ಹೋಗಬೇಡಿ.

ಒದ್ದೆ ಎಲ್ಲಿಯವರೆಗಿದೆಯೋ ಅಲ್ಲಿಗೆ ಗೂಟ ಹೊಡೆಯಿರಿ. ಕೆರೆ ನೀರಿನ ಮಟ್ಟವನ್ನೂ ತಾರೀಖನ್ನೂ ಬರೆದಿಡಿ. ಕೆರೆ ತುಂಬಿದಾಗ ಒದ್ದೆ ದೊಡ್ಡದಾಗಿ, ನೀರು ಇಳಿದಾಗ ಚಿಕ್ಕದಾದರೆ ಅದು ನಿರೀಕ್ಷಿಸಿದ್ದೇ. ನೀರಿನ ಮಟ್ಟ ಅಷ್ಟೇ ಇದ್ದು ಒದ್ದೆ ಮಾತ್ರ ಬೆಳೆಯುತ್ತಿದ್ದರೆ ಇಂಜಿನಿಯರಿಗೆ ತಿಳಿಸಿ. ಒದ್ದೆ ಬುಡದಲ್ಲಲ್ಲದೆ ಏರಿಯ ಮೈಯಲ್ಲಿ, ಅರ್ಧ ಎತ್ತರದಲ್ಲಿ ಕಂಡರಂತೂ ಕಾಯಬೇಡಿ. ಏರಿಯ ಒಳಗೆ ನೀರು ಇರಬೇಕಾದ್ದಕ್ಕಿಂತ ಮೇಲೆ ಏರಿದೆ ಅಂತ ಅದರ ಅರ್ಥ. ಹಾಗೆ ನೆನೆದ ಮಣ್ಣು ಒಂದು ದಿನ ಜಾರುತ್ತದೆ.

ನೀರು ಹರಿಯುತ್ತಿದೆ, ಆದರೆ ತಿಳಿಯಾಗಿದೆ

ಹರಿವನ್ನು ಒಂದು ಕಡೆ ಕೂಡಿಸಿ ಬಕೆಟ್ ಇಡಿ. ಹತ್ತು ಲೀಟರ್ ಬಕೆಟ್ ತುಂಬಲು ಎಷ್ಟು ಸೆಕೆಂಡು ಬೇಕಾಯಿತು ನೋಡಿ. 20 ಸೆಕೆಂಡಾದರೆ ಸೆಕೆಂಡಿಗೆ ಅರ್ಧ ಲೀಟರ್. ದೊಡ್ಡ ಜಲಾಶಯಗಳಲ್ಲಿ ಇದೇ ಲೆಕ್ಕವನ್ನು ಇಂಗ್ಲಿಷಿನ ವಿ ಆಕಾರದಲ್ಲಿ ಕತ್ತರಿಸಿದ ತಗಡಿನ ಮೇಲೆ ನೀರು ಹರಿಸಿ ಮಾಡುತ್ತಾರೆ. ಕೆರೆಗೆ ಬಕೆಟ್ ಸಾಕು.

ಆಮೇಲೆ ಗಾಜಿನ ಬಾಟಲಿ. ಅದೇ ನೀರನ್ನು ತುಂಬಿ, ಮುಚ್ಚಳ ಹಾಕಿ, ಒಂದು ರಾತ್ರಿ ಅಲ್ಲಾಡಿಸದೆ ಇಡಿ. ಕಣ್ಣಿಗೆ ತಿಳಿಯಾಗಿ ಕಂಡ ನೀರೂ ಬೆಳಿಗ್ಗೆ ತಳದಲ್ಲಿ ನುಣುಪು ಮಣ್ಣು ಬಿಟ್ಟಿರಬಹುದು. ಬಿಟ್ಟಿದ್ದರೆ ನಿಮ್ಮ ಏರಿ ಒಳಗಿನಿಂದ ಕರಗುತ್ತಿದೆ. ಕಾಸು ಖರ್ಚಿಲ್ಲದ ಈ ಪರೀಕ್ಷೆಯನ್ನು ಯಾಕೋ ಯಾರೂ ಮಾಡುವುದಿಲ್ಲ! ಮಳೆ ನಿಂತ ಮರುದಿನ ಮಾತ್ರ ಬೇಡ, ಆಗ ಮೇಲ್ಮಣ್ಣು ತೊಳೆದು ಬಂದಿರುತ್ತದೆ.

ವರ್ಷಗಟ್ಟಲೆ ಹರಿಯುತ್ತಿದ್ದ ಜಿನುಗು ಒಂದು ದಿನ ಏಕಾಏಕಿ ನಿಂತರೆ ಖುಷಿಪಡಬೇಡಿ. ಕೆರೆಯ ಮಟ್ಟ ಇಳಿಯದೆ ಜಿನುಗು ನಿಂತಿದೆ ಅಂದರೆ ಹೊರದಾರಿ ಕಟ್ಟಿಕೊಂಡಿದೆ. ನೀರು ಒಳಗೇ ಒತ್ತುತ್ತಿರುತ್ತದೆ, ಇಲ್ಲವೇ ಬೇರೆ ದಾರಿ ಹಿಡಿದಿರುತ್ತದೆ. ಇಡೀ ಏರಿಯ ಬುಡವನ್ನು ಆ ತುದಿಯಿಂದ ಈ ತುದಿಗೆ ನಡೆದು ನೋಡಿ.

ಹೂಳೆತ್ತಿದ ಮೇಲೆ ಶುರುವಾದ ಸೋರಿಕೆಯ ಕಥೆ ಬೇರೆ. ಕೆರೆ ತಳದ ಹೂಳು ಬರೀ ಕಸವಲ್ಲ. ನುಣುಪಾದ ಆ ಮಣ್ಣು ತಳವನ್ನು ಮುಚ್ಚಿ ನೀರು ಇಂಗದಂತೆ ತಡೆದಿರುತ್ತದೆ. ಏರಿಯ ಬುಡದವರೆಗೂ ಬಗೆದು ಟ್ರ್ಯಾಕ್ಟರಿಗೆ ತುಂಬಿದರೆ ಆ ಪದರ ಹೋಗುತ್ತದೆ, ಏರಿಗೆ ಒತ್ತಾಸೆಯೂ ಹೋಗುತ್ತದೆ. ಹೂಳೆತ್ತುವಾಗ ಏರಿಯಿಂದ ಎಷ್ಟು ದೂರ ಬಿಡಬೇಕೆಂದು ಇಂಜಿನಿಯರು ಗುರುತು ಹಾಕಿಸುವುದು ಅದಕ್ಕೇ.

ಬಹಳ ವರ್ಷ ಒಣಗಿದ್ದು ಈಗ ತುಂಬಿದ ಕೆರೆಗಳಲ್ಲೂ ಇದೇ ಎಚ್ಚರ ಬೇಕು. ಕೋಲಾರದ ಕೆರೆಗಳಿಗೆ 2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬರುತ್ತಿದೆ. ಬರಿದಾಗಿದ್ದ ಕಾಲದಲ್ಲಿ ಏರಿಯಲ್ಲಿ ಬಿರುಕು ಬಿಟ್ಟಿರುತ್ತದೆ, ಬಿಲ ತೋಡಿರುತ್ತವೆ, ಬಳ್ಳಾರಿ ಜಾಲಿ ಬೇರು ಬಿಟ್ಟಿರುತ್ತದೆ. ಅಂಥ ಏರಿಯನ್ನು ಹೊಸದಾಗಿ ಕಟ್ಟಿದ ಏರಿ ಅಂತಲೇ ತಿಳಿದು ಮೊದಲ ತುಂಬುವಿಕೆಯಲ್ಲಿ ದಿನಾ ನೋಡಬೇಕು.

ಕೆಂಪು ನೀರು ಬರುತ್ತಿದೆ, ಅಥವಾ ನೆಲದಿಂದ ಮರಳು ಕುದಿದಂತೆ ಏಳುತ್ತಿದೆ

ಇಲ್ಲಿ ಪರೀಕ್ಷೆ ಮುಗಿಯಿತು. ಈಗ ಫೋನ್ ಮಾಡಿ.

ಏರಿಯೊಳಗೆ ನಡೆಯುವುದು ಇಷ್ಟು. ಹೊರಬರುವ ನೀರು ತನ್ನ ಜೊತೆ ಮಣ್ಣಿನ ಕಣ ತರುತ್ತದೆ. ಹೊರತುದಿಯಲ್ಲಿ ಸಣ್ಣ ತೂತಾಗುತ್ತದೆ. ತೂತಾದ ಕಡೆ ದಾರಿ ಸಲೀಸು, ನೀರು ಇನ್ನೂ ಜೋರಾಗುತ್ತದೆ, ಇನ್ನಷ್ಟು ಮಣ್ಣು ಬರುತ್ತದೆ. ಹೀಗೆ ಕೊರೆತ ಗದ್ದೆ ಕಡೆಯಿಂದ ಕೆರೆಯ ಕಡೆಗೆ ಹಿಂದಕ್ಕೆ ಬೆಳೆಯುತ್ತ ಹೋಗುತ್ತದೆ. ಅದು ಕೆರೆ ನೀರನ್ನು ಮುಟ್ಟುವ ತನಕ ಮೇಲೆ ಏರಿ ನೆಟ್ಟಗೇ ಕಾಣುತ್ತದೆ. ಮುಟ್ಟಿದ ಮೇಲೆ ಏನು ಮಾಡಲೂ ಹೊತ್ತಿರುವುದಿಲ್ಲ.

ಎಷ್ಟು ಹೊತ್ತು ಅನ್ನುವುದಕ್ಕೆ ಅಮೆರಿಕದ ಐಡಾಹೋ ರಾಜ್ಯದ ಟೀಟನ್ ಅಣೆಕಟ್ಟೆಯನ್ನು ನೋಡಿ. 90 ಮೀಟರಿಗೂ ಎತ್ತರದ ಮಣ್ಣಿನ ಅಣೆಕಟ್ಟೆ. ಮೊದಲ ಸಲ ನೀರು ತುಂಬಿಸುತ್ತಿದ್ದರು. 1976ರ ಜೂನ್ 5ರ ಬೆಳಿಗ್ಗೆ ಕೆಸರು ನೀರು ಕಂಡಿತು. ಎರಡು ಬುಲ್ಡೋಜರ್ ತಂದು ತೂತಿಗೆ ಮಣ್ಣು ತಳ್ಳಿದರು. ತೂತು ದೊಡ್ಡದಾಗಿ ಬುಲ್ಡೋಜರುಗಳೇ ಅದರೊಳಗೆ ಹೋದವು. ಓಡಿಸುತ್ತಿದ್ದವರು ಹೇಗೋ ಪಾರಾದರು. ಮಧ್ಯಾಹ್ನದ ಹೊತ್ತಿಗೆ ಅಣೆಕಟ್ಟೆಯೇ ಒಡೆಯಿತು. 11 ಜನ ಸತ್ತರು. ಕೆಳಗಿನ ಜನರನ್ನು ಮೊದಲೇ ಎಬ್ಬಿಸಿ ಕಳಿಸಿದ್ದರಿಂದ ಸಾವು ಅಷ್ಟಕ್ಕೇ ನಿಂತಿತು.

ಆದ್ದರಿಂದ ಹೊರಬಾಯಿಗೆ ಜೇಡಿಮಣ್ಣು ತುರುಕುವುದು, ಸಿಮೆಂಟ್ ಮೆತ್ತುವುದು, ಪ್ಲಾಸ್ಟಿಕ್ ಹಾಕಿ ಮುಚ್ಚುವುದು ಯಾವುದೂ ಬೇಡ. ನೀರಿಗೆ ದಾರಿ ಬಿಡಬೇಕು, ಮಣ್ಣನ್ನು ಮಾತ್ರ ತಡೆಯಬೇಕು. ಇಲಾಖೆಯವರು ಬಂದರೆ ಮಾಡುವುದೂ ಇದನ್ನೇ. ಮೊದಲು ದಪ್ಪ ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಕಲ್ಲು. ನೀರು ಸೋಸಿಕೊಂಡು ಬರುತ್ತದೆ, ಮಣ್ಣು ಒಳಗೇ ಉಳಿಯುತ್ತದೆ.

ನೆಲದಿಂದ ಮರಳು ಬುಗ್ಗೆ ಎದ್ದಿದ್ದರೆ ಅದರ ಸುತ್ತ ಮರಳು ಚೀಲಗಳನ್ನು ಬಾವಿ ಕಟ್ಟೆಯ ಹಾಗೆ ಪೇರಿಸುತ್ತಾರೆ. ಒಳಗೆ ನೀರು ಏರಿದಷ್ಟೂ ಕೆಳಗಿನ ಒತ್ತಡ ತಗ್ಗುತ್ತದೆ. ನೀರು ತಿಳಿಯಾಗುವವರೆಗೆ ಪೇರಿಸಿದರೆ ಸಾಕು, ಪೂರ್ತಿ ನಿಲ್ಲಿಸಲು ಹೋಗಬಾರದು. ನಿಲ್ಲಿಸಿದರೆ ಪಕ್ಕದಲ್ಲಿ ಇನ್ನೊಂದು ಬುಗ್ಗೆ ಏಳುತ್ತದೆ. ಈ ಕೆಲಸವನ್ನು ಗೊತ್ತಿರುವವರು ನಿಂತು ಮಾಡಿಸಲಿ. ಹರಿವು ಹೆಚ್ಚುತ್ತಲೇ ಇದ್ದರೆ ಚೀಲ ಬಿಟ್ಟು ಜನರನ್ನು ಹೊರಡಿಸಿ.

ಏರಿಯ ಮೇಲೆ ಬಿರುಕು ಬಿಟ್ಟಿದೆ

ಎರೆಮಣ್ಣಿನ ಏರಿ ಬೇಸಿಗೆಯಲ್ಲಿ ಬಿರಿಯುವುದು ಸಹಜ. ಅಡ್ಡಾದಿಡ್ಡಿ, ಬಲೆಬಲೆಯಾಗಿ, ಮೇಲ್ಮೇಲೆ ಇದ್ದರೆ ಒಣಗಿದ ಬಿರುಕು. ಮಳೆಗೆ ಮುಂಚೆ ಅದೇ ಮಣ್ಣು ತುಂಬಿ ದಿಮ್ಮಿಸಿದರೆ ಆಯಿತು.

ಒಂದೇ ಗೆರೆಯಾಗಿದ್ದರೆ ಅದು ಯಾವ ದಿಕ್ಕಿಗಿದೆ ನೋಡಿ. ಏರಿಯ ಉದ್ದಕ್ಕೆ ಇದ್ದರೆ ಮಣ್ಣು ಕುಸಿದು ಕೂರುತ್ತಿದೆ ಅಥವಾ ಒಂದು ಪಕ್ಕ ಜಾರಲು ಹೊರಟಿದೆ. ಗೆರೆಯ ಎರಡೂ ತುದಿ ಇಳಿಜಾರಿನ ಕಡೆಗೆ ಬಾಗಿದ್ದು, ಒಂದು ಬದಿ ಇನ್ನೊಂದಕ್ಕಿಂತ ತಗ್ಗಾಗಿದ್ದರೆ ಜಾರುವುದು ಶುರುವಾಗಿದೆ ಅಂತಲೇ ತಿಳಿಯಿರಿ. ಟ್ರ್ಯಾಕ್ಟರ್, ಟಿಪ್ಪರ್ ಎಲ್ಲ ನಿಲ್ಲಿಸಿ. ನಮ್ಮಲ್ಲಿ ಏರಿ ಮೇಲೇ ರಸ್ತೆ ಇರುತ್ತದೆ, ಜಗಳ ಆಗುತ್ತದೆ, ಆದರೂ ನಿಲ್ಲಿಸಿ.

ಅಡ್ಡ ಬಿರುಕು, ಅಂದರೆ ಕೆರೆಯಿಂದ ಗದ್ದೆಯ ಕಡೆಗೆ ಹೋದದ್ದು, ಅಗಲ ಕಡಿಮೆಯಿದ್ದರೂ ಹೆಚ್ಚು ಕೆಟ್ಟದ್ದು. ಅದು ನೀರಿಗೆ ನೇರ ದಾರಿ. ತೂಬಿನ ಮೇಲ್ಭಾಗ, ಏರಿ ಗುಡ್ಡಕ್ಕೆ ಸೇರುವ ತುದಿಗಳು, ಹಿಂದೆ ಒಡೆದು ಮುಚ್ಚಿದ ಜಾಗ, ಇಲ್ಲೆಲ್ಲ ಅದು ಬರುತ್ತದೆ. ಹಳೆ ಮಣ್ಣೂ ಹೊಸ ಮಣ್ಣೂ ಒಂದೇ ಸಮ ಕೂರುವುದಿಲ್ಲವಲ್ಲ. ಎಲ್ಲಿ ಒಡೆದಿತ್ತು ಅನ್ನುವುದು ಯಾವ ಕಡತದಲ್ಲೂ ಇರುವುದಿಲ್ಲ. ಊರಿನ ಹಿರಿಯರನ್ನು ಕೇಳಿ.

ನೀವು ಮಾಡಬಹುದಾದದ್ದು ಇಷ್ಟೇ. ಬಿರುಕಿನ ಎರಡೂ ಕಡೆ ಗೂಟ ಹೊಡೆದು ನಡುವಿನ ಅಂತರ ಅಳೆಯಿರಿ. ದಿನಾ ಅದೇ ಹೊತ್ತಿಗೆ ಅಳೆದು ಬರೆಯಿರಿ. ಮಳೆ ನೀರು ಒಳಗೆ ಇಳಿಯದಂತೆ ಟಾರ್ಪಾಲು ಹೊದಿಸಿ. ಅಂತರ ಹೆಚ್ಚುತ್ತಿದ್ದರೆ ಇಂಜಿನಿಯರು ಬರಲೇಬೇಕು. ಅವರು ಬಿರುಕಿಗೆ ಸುಣ್ಣದ ನೀರು ಹುಯ್ಯಿಸಿ, ಕೆರೆ ತಗ್ಗಿದ ಮೇಲೆ ಅಗೆಸಿ, ಬಿಳಿ ಗೆರೆ ಎಲ್ಲಿಯವರೆಗೆ ಹೋಗಿದೆ ಎಂದು ಆಳ ಕಂಡುಹಿಡಿಯುತ್ತಾರೆ. ಅದು ಅವರ ಕೆಲಸ.

ನೀರಿನ ಕಡೆ ಏರಿ ಜಾರಿದೆ

ಇದು ಹೆಚ್ಚಾಗಿ ಕೆರೆ ತುಂಬಿದಾಗ ಆಗುವುದಿಲ್ಲ, ನೀರು ಬೇಗ ಇಳಿದಾಗ ಆಗುತ್ತದೆ. ನೆನೆದ ಮಣ್ಣಿಗೆ ಹೊರಗಿನಿಂದ ಒತ್ತಿ ಹಿಡಿದಿದ್ದ ನೀರು ಇದ್ದಕ್ಕಿದ್ದಂತೆ ಹೋದರೆ ಅದು ಕೆಳಗೆ ಜಾರುತ್ತದೆ, ಮೇಲಿನ ಕಲ್ಲುಕಟ್ಟಣೆಯೂ ಜೊತೆಗೆ ಬರುತ್ತದೆ. ಏರಿಗೆ ಅಪಾಯ ಇದೆ ಅಂತ ತೂಬನ್ನು ಪೂರ್ತಿ ತೆಗೆದುಬಿಡುವ ಮುಂಚೆ ಇದು ನೆನಪಿರಲಿ. ಎಷ್ಟು ಬೇಗ ಇಳಿಸಬಹುದು ಅನ್ನುವುದನ್ನು ಇಂಜಿನಿಯರು ತೀರ್ಮಾನಿಸಲಿ.

ಏರಿಯ ಬದಿ ಕಡಿದು ನೀರು ಬಿಡುವ ಯೋಚನೆಯಂತೂ ಬೇಡವೇ ಬೇಡ. ಮಣ್ಣಿನ ಏರಿಯಲ್ಲಿ ಕಡಿದ ಕಾಲುವೆ ನಾವು ಕಡಿದಷ್ಟೇ ಅಗಲಕ್ಕೆ ನಿಲ್ಲುವುದಿಲ್ಲ. 2019ರ ನವೆಂಬರಿನಲ್ಲಿ ಬೆಂಗಳೂರಿನ ಹುಳಿಮಾವು ಕೆರೆ ಏರಿ ಒಡೆದಾಗ ಬಡಾವಣೆಗಳಿಗೇ ನೀರು ನುಗ್ಗಿತ್ತು. ಒಡೆದ ಏರಿಯನ್ನು ತುಂಬಿಸಲು ಎಷ್ಟು ಲೋಡ್ ಮಣ್ಣು ಬೇಕು ಅನ್ನುವುದು ಕಂಡವರಿಗೇ ಗೊತ್ತು.

ತೂಬಿನ ಹತ್ತಿರ ಸುಳಿ, ಅಥವಾ ಏರಿಯ ಮೇಲೆ ಗುಂಡಿ

ತೂಬು ಮುಚ್ಚಿದ್ದರೂ ಕಾಲುವೆಗೆ ನೀರು ಹೋಗುತ್ತಿದೆ ಅಂದುಕೊಳ್ಳಿ. ಮೊದಲು ಬಾಗಿಲಿನ ಅಡಿ ಕಲ್ಲೋ ಕಡ್ಡಿಯೋ ಸಿಕ್ಕಿದೆಯೇ ನೋಡಬೇಕು. ಒಮ್ಮೆ ಮೇಲೆತ್ತಿ ಇಳಿಸಿದರೆ ಅದು ಕೊಚ್ಚಿಹೋಗುವುದುಂಟು. ತಿರುಪು ತಿರುಗದಿದ್ದರೆ ಉದ್ದ ಕಬ್ಬಿಣದ ರಾಡು ಹಾಕಿ ಬಲಪ್ರಯೋಗ ಮಾಡಬೇಡಿ. ಬಾಗಿಲು ಎತ್ತುವ ಕಬ್ಬಿಣದ ಕಡ್ಡಿ ತಿರುಚಿದರೆ ಬಾಗಿಲು ಅರ್ಧಕ್ಕೇ ನಿಂತುಬಿಡುತ್ತದೆ.

ಬಾಗಿಲು ಸರಿಯಿದ್ದೂ ನೀರು ಬರುತ್ತಿದ್ದರೆ, ಅಥವಾ ತೂಬಿನ ನೇರಕ್ಕೆ ಏರಿಯ ಮೇಲೆ ಗುಂಡಿ ಬಿದ್ದಿದ್ದರೆ, ನೀರು ಏರಿಯ ಅಡಿಯ ಕೊಳವೆಯ ಹೊರಮೈ ಸವರಿಕೊಂಡು ಹೋಗುತ್ತಿದೆ. ಹಳೆಯ ಕಲ್ಲು ತೂಬುಗಳ ಸಂದಿನ ಗಾರೆ ಉದುರಿರುತ್ತದೆ, ಮಣ್ಣು ಆ ಸಂದಿನಿಂದ ಒಳಗೆ ಸೋರುತ್ತದೆ, ಮೇಲೆ ಪೊಳ್ಳಾಗುತ್ತದೆ. ಗುಂಡಿಗೆ ಎರಡು ಬಾಂಡ್ಲಿ ಮಣ್ಣು ಸುರಿದು ಮುಚ್ಚಿದರೆ ಗುರುತು ಅಳಿಸಿಹೋಗುತ್ತದೆಯೇ ಹೊರತು ಪೊಳ್ಳು ಹೋಗುವುದಿಲ್ಲ. ಸುತ್ತ ಹಗ್ಗ ಕಟ್ಟಿ, ಯಾರೂ ಮೇಲೆ ನಡೆಯದಂತೆ ಮಾಡಿ, ಅದೇ ದಿನ ತಿಳಿಸಿ. ಕೆರೆಯೊಳಗೆ ಸುಳಿಯೂ ಕಂಡರೆ ಕೆಂಪು ನೀರಿನಷ್ಟೇ ತುರ್ತು.

ಬಿಲಗಳು, ಮರಗಳು

2019ರ ಜುಲೈನಲ್ಲಿ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಅಣೆಕಟ್ಟೆ ಒಡೆದಾಗ ಅಲ್ಲಿನ ಸಚಿವರೊಬ್ಬರು ಏಡಿಗಳ ಮೇಲೆ ತಪ್ಪು ಹೊರಿಸಿದರು. ಜನ ನಕ್ಕರು, ಸಿಟ್ಟೂ ಆದರು. ಏಡಿ, ಹೆಗ್ಗಣ, ಮುಳ್ಳುಹಂದಿ ಬಿಲ ತೋಡುವುದು ನಿಜ. ಆದರೆ ಬಿಲ ಒಂದೇ ರಾತ್ರಿ ಆಗುವುದಿಲ್ಲ. ನೋಡುವವರು ಇರಲಿಲ್ಲ ಅನ್ನುವುದೇ ದೋಷ. ಕೆರೆ ತಗ್ಗಿರುವಾಗ ಬಿಲ ಬಿಡಿಸಿ, ಅದೇ ಥರದ ಮಣ್ಣು ತುಂಬಿ, ಪದರ ಪದರವಾಗಿ ದಿಮ್ಮಿಸಬೇಕು.

ಜಾಲಿ ಗಿಡ ಚಿಕ್ಕದಿದ್ದಾಗಲೇ ಬೇರು ಸಮೇತ ಕೀಳಿಸಿ. ದೊಡ್ಡ ಮರವಾದ ಮೇಲೆ ಸುಮ್ನೆ ಕಡಿಸಬೇಡಿ. ಬೇರು ಒಳಗೇ ಕೊಳೆತು ನೀರಿಗೆ ಕೊಳವೆ ಬಿಟ್ಟಂತಾಗುತ್ತದೆ. ಬೇರು ತೆಗೆದು ಮಣ್ಣು ತುಂಬುವ ಏರ್ಪಾಡು ಆದ ಮೇಲೇ ಕಡಿಸಿ.

ನೀರು ಏರಿಯ ತಲೆಗೆ ಬರುತ್ತಿದೆ

ಆಗ ಹೆಚ್ಚಾದ ನೀರು ಹೊರಹೋಗುವ ಕೋಡಿಯನ್ನು ನೋಡಿ. ಮೀನು ಹೋಗದಂತೆ ಕಟ್ಟಿದ ಬಲೆಗೆ ಜೊಂಡು, ಪ್ಲಾಸ್ಟಿಕ್ ಸಿಕ್ಕಿ ಗೋಡೆಯಾಗಿರುತ್ತದೆ. 'ಇನ್ನೊಂದಡಿ ನೀರು ನಿಲ್ಲಲಿ' ಅಂತ ಯಾರೋ ಕೋಡಿಯ ಮೇಲೆ ಮರಳು ಚೀಲ ಇಟ್ಟಿರುತ್ತಾರೆ. ಆ ಒಂದಡಿ, ಪ್ರವಾಹಕ್ಕೆಂದು ಬಿಟ್ಟಿದ್ದ ಎತ್ತರ. ಮಣ್ಣಿನ ಏರಿ ಒಳಗಿನ ಒತ್ತಡ ತಡೆಯುತ್ತದೆ, ತಲೆಯ ಮೇಲೆ ನೀರು ಹರಿದರೆ ತಡೆಯುವುದಿಲ್ಲ. ಬಲೆ, ಚೀಲ, ಪೊದೆ ಎಲ್ಲವನ್ನೂ ಮಳೆಗಾಲಕ್ಕೆ ಮುಂಚೆಯೇ ತೆಗೆಸಿ. ಕೋಡಿ ರಭಸವಾಗಿ ಹರಿಯುವಾಗ ಇಳಿದು ತೆಗೆಯಲು ಹೋಗುವುದು ಪ್ರಾಣಕ್ಕೆ ಅಪಾಯ.

ಕೋಡಿ ಹಳ್ಳವನ್ನೂ ನಡೆದು ನೋಡಿ. ಹಿರಿಯೂರಿನ ವಾಣಿವಿಲಾಸ ಸಾಗರ 1933ರ ಬಳಿಕ ಕೋಡಿ ಬಿದ್ದದ್ದು 2022ರಲ್ಲಿ. ಎಂಬತ್ತೊಂಬತ್ತು ವರ್ಷ ನೀರು ಬರದ ಹಳ್ಳ ಯಾರ ಕಣ್ಣಿಗೂ ಹಳ್ಳವಾಗಿ ಕಾಣುವುದಿಲ್ಲ. ಅಂಥ ಕಡೆ ತೋಟ, ಮನೆ ಎದ್ದಿರುತ್ತವೆ.

ಗೇಟಿರುವ ಜಲಾಶಯಗಳು

ಇಲ್ಲಿ ಊರವರ ಕೈಯಲ್ಲಿ ಹೆಚ್ಚೇನಿಲ್ಲ, ಕಣ್ಣಲ್ಲಿದೆ. ಗೇಟು ಏಳುವಾಗ ಒಂದು ಬದಿ ಮೊದಲು ಏಳುವುದು, ಕಿರುಗುಟ್ಟುವ ಸದ್ದು, ಸರಪಳಿಯಲ್ಲಿ ತುಕ್ಕು, ಬದಿಯ ರಬ್ಬರಿನಿಂದ ಚಿಮ್ಮುವ ನೀರು, ಇವನ್ನು ಕಂಡರೆ ತಿಳಿಸಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಒತ್ತಡ ತಗ್ಗಿಸಲು 33 ಗೇಟುಗಳಿಂದಲೂ ನೀರು ಬಿಡಬೇಕಾಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಉಕ್ಕಿನ ತಡೆಹಲಗೆಗಳನ್ನು ಒಂದೊಂದಾಗಿ ಇಳಿಸಿ ಆ ಬಾಯಿ ಮುಚ್ಚಿದರು. 2021ರ ನವೆಂಬರಿನಲ್ಲಿ ಆಂಧ್ರದ ಅನ್ನಮಯ್ಯ ಅಣೆಕಟ್ಟೆ ಹೋದಾಗ ಐದು ಗೇಟುಗಳಲ್ಲಿ ಒಂದು ಏಳಲಿಲ್ಲ, ನೀರು ಮಣ್ಣಿನ ದಂಡೆಯ ಮೇಲೆ ಹರಿಯಿತು. ಗೇಟಿನ ದೋಷವೂ ಕೊನೆಗೆ ಮಣ್ಣಿನ ಮೇಲೇ ಬಂತು.

ಯಾರಿಗೆ, ಏನು ಹೇಳಬೇಕು

ನಮ್ಮ ರಾಜ್ಯದಲ್ಲಿ 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ಪಂಚಾಯತ್ ಸಂಸ್ಥೆಗಳ ಕೈಯಲ್ಲಿವೆ. ಅದಕ್ಕಿಂತ ದೊಡ್ಡವು, 2000 ಹೆಕ್ಟೇರಿನವರೆಗೆ, ಸಣ್ಣ ನೀರಾವರಿ ಇಲಾಖೆಯವು. 15 ಮೀಟರಿಗಿಂತ ಎತ್ತರದ ಅಣೆಕಟ್ಟೆಗಳಿಗೆ 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಅನ್ವಯಿಸುತ್ತದೆ, ಅವುಗಳ ಒಡೆತನ ಇರುವವರು ಮಳೆಗಾಲಕ್ಕೆ ಮುಂಚೆಯೂ ಆಮೇಲೂ ತಪಾಸಣೆ ಮಾಡಿಸಲೇಬೇಕು. ನಿಮ್ಮ ಕೆರೆ ಯಾರದ್ದು ಅಂತ ಈಗಲೇ ಕೇಳಿ ನಂಬರ್ ಬರೆದಿಟ್ಟುಕೊಳ್ಳಿ. ಕೆಂಪು ನೀರು, ಸುಳಿ, ಜಾರುತ್ತಿರುವ ಏರಿ, ತಲೆಗೆ ಬಂದ ನೀರು, ಈ ನಾಲ್ಕರಲ್ಲಿ ಯಾವುದು ಕಂಡರೂ ಮೊದಲು 112ಕ್ಕೆ ಕರೆ ಮಾಡಿ, ತಹಶೀಲ್ದಾರರಿಗೆ ಹೇಳಿ, ಕೆಳಗಿನ ಊರಿಗೆ ಸುದ್ದಿ ಮುಟ್ಟಿಸಿ. ಕೆಳಗೆ ಇನ್ನೊಂದು ಕೆರೆ ಇದ್ದರೆ ಅದರ ಕೆಳಗಿನವರಿಗೂ ಹೇಳಬೇಕು. ಸರಪಳಿ ಕೆರೆಗಳಲ್ಲಿ ಮೇಲಿನದು ಒಡೆದರೆ ಅದರ ನೀರೆಲ್ಲ ಕೆಳಗಿನದರ ಮೇಲೆ ಬೀಳುತ್ತದೆ.

ಫೋನಿನಲ್ಲಿ 'ಕೆರೆ ಸೋರ್ತಿದೆ ಸಾರ್' ಅಂದರೆ ಆ ಕಡೆಯವರಿಗೆ ಏನೂ ಗೊತ್ತಾಗುವುದಿಲ್ಲ. ತೂಬಿನಿಂದ ಯಾವ ಕಡೆಗೆ ಎಷ್ಟು ಹೆಜ್ಜೆ, ಏರಿಯ ಬುಡದಲ್ಲೋ ಮೈಯಲ್ಲೋ, ನೀರಿನ ಬಣ್ಣ ಏನು, ಬಕೆಟ್ ತುಂಬಲು ಎಷ್ಟು ಸೆಕೆಂಡು, ನಿನ್ನೆ ಎಷ್ಟಿತ್ತು, ಕೆರೆ ಎಷ್ಟು ತುಂಬಿದೆ, ಇವನ್ನು ಹೇಳಿ. ಫೋಟೋದಲ್ಲಿ ಬಿರುಕಿನ ಪಕ್ಕ ಒಂದು ಪೆನ್ನೋ ಚಪ್ಪಲಿಯೋ ಇಟ್ಟಿರಿ, ಅಳತೆ ತಿಳಿಯುತ್ತದೆ. ವಿಡಿಯೋ ತೆಗೆಯುವುದಾದರೆ ಹರಿಯುವ ಬಾಯಿಯ ಹತ್ತಿರದಿಂದ ಒಂದು, ಇಡೀ ಏರಿ ಕಾಣುವಂತೆ ದೂರದಿಂದ ಇನ್ನೊಂದು ತೆಗೆದು ಕಳಿಸಿ.